ಮಾವನವರಿಗೆ ಪಾರ್ಕಿನ್ಸನ್ಸ್: ಮಧ್ಯಾಹ್ನವಾದರೆ ಮಾತ್ರೆ ಹಿಡಿಯುವುದಿಲ್ಲ, ನ್ಯೂರಾಲಜಿ ಡಾಕ್ಟರ ಮುಂದೆ ಏನು ಹೇಳಬೇಕು?

ಡೊಂಬಿವಲಿಯ ಸೊಸೆ

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ ಕಡೆ ಮನೆಯವರನ್ನು ನ್ಯೂರಾಲಜಿಗೆ ಕರೆದುಕೊಂಡು ಹೋಗಿ ಬರುವವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ಹೇಳಿ.

ನಮ್ಮ ಮಾವನವರಿಗೆ ಪಾರ್ಕಿನ್ಸನ್ಸ್ ಕಾಯಿಲೆ. ಈಗ 71 ವರ್ಷ. ಕುಂದಾಪುರ ಕಡೆಯವರು, ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ಹೋಟೆಲ್ ಕೆಲಸಕ್ಕೆ ಸೇರಿದವರು. ಕೊನೆಯ ವರ್ಷಗಳಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಅವರ ಅಕ್ಷರ ಬರಬರುತ್ತಾ ಇರುವೆ ಸಾಲಿನ ಹಾಗೆ ಸಣ್ಣದಾಯಿತು. ಆಮೇಲೆ ಬಲಗೈ ನಡುಕ ಶುರುವಾಯಿತು. ಕೆಲಸ ಮಾಡುವಾಗ ನಡುಗುವುದಿಲ್ಲ. ತೊಡೆಯ ಮೇಲೆ ಕೈ ಇಟ್ಟು ಸುಮ್ನೆ ಕೂತಾಗ ನಡುಗುತ್ತದೆ.

ಸಿಂಡೋಪಾ (ಲೆವೊಡೋಪಾ ಇರುವ ಪಾರ್ಕಿನ್ಸನ್ಸ್ ಮಾತ್ರೆ) ಶುರು ಮಾಡಿದಾಗ ತುಂಬಾ ಚೆನ್ನಾಗಿತ್ತು. ತಾವೇ ಶರ್ಟಿನ ಗುಂಡಿ ಹಾಕಿಕೊಂಡು ಭಜನೆಗೆ ಹೋಗುತ್ತಿದ್ದರು. ಈಗ ಹಾಗಿಲ್ಲ. ಬೆಳಿಗ್ಗೆ 8ಕ್ಕೆ ಮಾತ್ರೆ ಕೊಟ್ಟರೆ 11ರ ತನಕ ಪರವಾಗಿಲ್ಲ. 12 ದಾಟಿತೆಂದರೆ ಕಾಲೇ ಏಳುವುದಿಲ್ಲ. ಮಾತು ಗಂಟಲಲ್ಲೇ ಉಳಿಯುತ್ತದೆ. 2ಕ್ಕೆ ಇನ್ನೊಂದು ಮಾತ್ರೆ ಕೊಟ್ಟರೂ ಕೆಲವು ದಿನ ಏನೂ ಆಗುವುದಿಲ್ಲ.

ಹಿಂದೆ ತೋರಿಸುತ್ತಿದ್ದ ಕ್ಲಿನಿಕ್‌ನಲ್ಲಿ ನಡುಕ ಕಡಿಮೆಯಾಗಲಿ ಎಂದು ಪ್ಯಾಸಿಟೇನ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರು. ಅದಾದ ಮೇಲೆ ಮಾವನವರು ಒಂದೊಂದು ಸಲ ನನ್ನ ಹೆಸರನ್ನೇ ತಪ್ಪು ಕರೆಯುತ್ತಾರೆ. ರಾತ್ರಿ ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅನ್ನುತ್ತಾರೆ. ಹೇಳಲು ಹೋದರೆ ಅಲ್ಲಿ ಪೂರ್ತಿ ಕೇಳಲೇ ಇಲ್ಲ. ಆದ್ದರಿಂದ ಈಗ ಪರೇಲಿನ ಕೆಇಎಂ ಆಸ್ಪತ್ರೆಗೆ ತೋರಿಸಬೇಕೆಂದಿದ್ದೇವೆ. ಅಲ್ಲಿ ಜನ ಜಾಸ್ತಿ ಇರುತ್ತಾರೆ. ಸಿಗುವ ಅಷ್ಟು ಹೊತ್ತಿನಲ್ಲಿ ನಾನು ಏನು ಹೇಳಲಿ, ಏನು ತೋರಿಸಲಿ? ಊರಿನವರು ಇಂಗ್ಲಿಷ್ ಮದ್ದು ಬಿಟ್ಟುಬಿಡಿ ಅಂತ ಬೇರೆ ಹೇಳುತ್ತಿದ್ದಾರೆ.

ಥಾಣೆಯ ಮಗಳು

ನಮ್ಮ ಅಮ್ಮನಿಗೂ ಇದೇ ಕಾಯಿಲೆ. ಮೊದಲು ಒಂದು ಮಾತು. ಮಾತ್ರೆಯನ್ನು ಯಾರು ಹೇಳಿದರೂ ಒಮ್ಮೆಲೇ ನಿಲ್ಲಿಸಬೇಡಿ. ಲೆವೊಡೋಪಾ ಇದ್ದಕ್ಕಿದ್ದಂತೆ ನಿಂತರೆ ಮೈಯೆಲ್ಲ ಸೆಟೆದುಕೊಂಡು, ಜೋರು ಜ್ವರ ಬಂದು, ಜೀವಕ್ಕೇ ಅಪಾಯವಾಗಬಹುದು.

ನೀವು ಹೇಳುತ್ತಿರುವುದನ್ನು ಡಾಕ್ಟರುಗಳು ವೇರಿಂಗ್ ಆಫ್ ಅನ್ನುತ್ತಾರೆ. ಮೆದುಳಿನ ಒಂದು ಜಾಗದಲ್ಲಿ ಡೋಪಮೈನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತಾ ಬರುತ್ತವೆ. ಕೈ ನಡುಕ ಕಾಣುವ ಹೊತ್ತಿಗೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. ಲೆವೊಡೋಪಾ ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಶುರುವಿನಲ್ಲಿ ಉಳಿದ ಜೀವಕೋಶಗಳು ಅದನ್ನು ಕೂಡಿಟ್ಟು ನಿಧಾನಕ್ಕೆ ಖರ್ಚು ಮಾಡುತ್ತವೆ. ಅದಕ್ಕೇ ದಿನಕ್ಕೆ ಮೂರು ಮಾತ್ರೆ ಸಾಕಾಗುತ್ತದೆ. ವರ್ಷ ಕಳೆದಂತೆ ಕೂಡಿಡಲು ಜಾಗವೇ ಇರುವುದಿಲ್ಲ. ರಕ್ತದಲ್ಲಿ ಈ ಔಷಧಿ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮಾತ್ರೆ ಇಳಿದ ಹಾಗೆ ಕಾಲೂ ನಿಲ್ಲುತ್ತದೆ.

ಡಾಕ್ಟರು ಮಾಡುವ ಮುಖ್ಯ ಕೆಲಸವೇ ಹೊತ್ತನ್ನು ಸರಿಹೊಂದಿಸುವುದು. ಆ ಹೊತ್ತುಗಳ ಲೆಕ್ಕ ನಿಮ್ಮ ಹತ್ತಿರ ಮಾತ್ರ ಇರುತ್ತದೆ. ಓಪಿಡಿಯಲ್ಲಿ ಅವರು ನೋಡುವುದು ದಿನದ ಒಂದೇ ಒಂದು ಗಳಿಗೆ. ಮಾತ್ರೆ ತಗೊಂಡ ಒಂದು ಗಂಟೆಯ ನಂತರ ನೋಡಿದರೆ ಮಾವನವರು ಚೆನ್ನಾಗಿ ನಡೆಯುತ್ತಾರೆ. ಡಾಕ್ಟರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಅಲ್ವಾ?

ಆದ್ದರಿಂದ ಒಂದು ಹಾಳೆಯಲ್ಲಿ ಗಂಟೆ ಬರೆದುಕೊಳ್ಳಿ. ಎದ್ದದ್ದು ಎಷ್ಟಕ್ಕೆ, ಮಾತ್ರೆ ಎಷ್ಟಕ್ಕೆ, ತಿಂಡಿ ಊಟ ಎಷ್ಟಕ್ಕೆ, ನಿದ್ದೆ ಯಾವಾಗ. ಪ್ರತಿ ಗಂಟೆಯ ಎದುರಿಗೂ ಒಂದು ಗುರುತು ಹಾಕಿ. ಚೆನ್ನಾಗಿ ಓಡಾಡುತ್ತಿದ್ದಾರಾ, ಕಟ್ಟಿಹಾಕಿದ ಹಾಗೆ ಆಗಿದ್ದಾರಾ, ಅಥವಾ ಮೈ ತಾನಾಗಿ ಓಲಾಡುತ್ತಿದೆಯಾ. ಈ ಮೂರನೆಯದನ್ನು ಮರೆಯಬೇಡಿ. ಔಷಧಿ ಜಾಸ್ತಿಯಾದಾಗ ತಲೆ, ಭುಜ, ಕಾಲು ಬಳುಕಾಡುತ್ತವೆ. ಮನೆಯವರು ಅದನ್ನೂ ನಡುಕ ಅಂತಲೇ ಹೇಳಿಬಿಡುತ್ತಾರೆ. ನಡುಕ ಅಂದರೆ ಮಾತ್ರೆ ಕಡಿಮೆ, ಓಲಾಟ ಅಂದರೆ ಸಾಮಾನ್ಯವಾಗಿ ಜಾಸ್ತಿ. ಎರಡಕ್ಕೂ ಮದ್ದು ತದ್ವಿರುದ್ಧ.

ಫೋನಿನಲ್ಲಿ ವಿಡಿಯೋ ಮಾಡಿ. ಕುರ್ಚಿಯಿಂದ ಏಳುವುದು, ಬಾಗಿಲು ದಾಟುವುದು, ತಿರುಗುವುದು. ಒಳ್ಳೆಯ ಹೊತ್ತಿನದೂ ಬೇಕು, ಕೆಟ್ಟ ಹೊತ್ತಿನದೂ ಬೇಕು. ಒಂದೊಂದು ಅರ್ಧ ನಿಮಿಷ ಸಾಕು. ಮಾತು ಶುರುವಾಗುವಾಗಲೇ ಗೋಡೆ ಹತ್ತಿರ ಯಾರೋ ಕಾಣುವ ವಿಷಯ ಹೇಳಿ, ಪ್ಯಾಸಿಟೇನ್ ಚೀಟಿ ತೋರಿಸಿ. ವಯಸ್ಸಾದವರಿಗೆ ಆ ಮಾತ್ರೆ ಮರೆವು, ಗಲಿಬಿಲಿ ತರುವುದು ಎಲ್ಲ ಡಾಕ್ಟರಿಗೂ ಗೊತ್ತಿರುವ ವಿಷಯ. ಅದನ್ನೂ ನೀವೇ ನಿಲ್ಲಿಸಬೇಡಿ, ಇಳಿಸುವ ಕ್ರಮ ಅವರು ಹೇಳುತ್ತಾರೆ.

ಮುಲುಂಡ್ ಮೆಡಿಕಲ್

ನನ್ನದು ಔಷಧಿ ಅಂಗಡಿ. ಅಕ್ಕ, ಮಾವನವರು ಮಾತ್ರೆಯನ್ನು ಯಾವುದರ ಜೊತೆ ತಗೊಳ್ಳುತ್ತಾರೆ?

ಡೊಂಬಿವಲಿಯ ಸೊಸೆ

ಬೆಳಿಗ್ಗೆ ಕಾಫಿ ಜೊತೆ. ಹೋಟೆಲಿನವರಲ್ವಾ, ಗಟ್ಟಿ ಹಾಲಿನ ಕಾಫಿಯೇ ಆಗಬೇಕು. ಮಧ್ಯಾಹ್ನ ಊಟ ಮುಗಿದ ಮೇಲೆ. ಖಾಲಿ ಹೊಟ್ಟೆಗೆ ಮಾತ್ರೆ ಕೊಡಬಾರದು ಅಂತ ಅತ್ತೆ ಬಿಡುವುದಿಲ್ಲ.

ಮುಲುಂಡ್ ಮೆಡಿಕಲ್

ಹಾಗಾದರೆ ಮಧ್ಯಾಹ್ನದ ಮಾತ್ರೆ ಹಿಡಿಯದಿರುವುದಕ್ಕೆ ಅದೇ ಒಂದು ಕಾರಣ ಇರಬಹುದು. ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲೇ ಊಟದ ಪ್ರೋಟೀನ್ ಕೂಡ ಹೋಗುತ್ತದೆ. ಹಾಲು, ಬೇಳೆ, ಮೀನು, ಮೊಟ್ಟೆ ಹೊಟ್ಟೆಯಲ್ಲಿದ್ದರೆ ಮಾತ್ರೆಗೆ ಜಾಗ ಸಿಗುವುದಿಲ್ಲ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಬರೀ ನೀರಿನಲ್ಲಿ ಕೊಡುವುದು ಒಳ್ಳೆಯದು. ಕೆಲವರಿಗೆ ಶುರುವಿನಲ್ಲಿ ವಾಕರಿಕೆ ಬರುತ್ತದೆ. ಅಂಥವರು ಒಂದೆರಡು ಬಿಸ್ಕತ್ತು ಅಥವಾ ಬಾಳೆಹಣ್ಣು ತಿಂದು ತಗೊಳ್ಳಬಹುದು. ಪ್ರೋಟೀನ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಮೊದಲೇ ತೂಕ ಇಳಿಯುವ ಕಾಯಿಲೆ ಇದು. ಹೊತ್ತು ಬೇರೆ ಮಾಡಿ, ಅಷ್ಟೇ. ಕಬ್ಬಿಣದ ಮಾತ್ರೆ ಇದ್ದರೆ ಅದನ್ನೂ ದೂರ ಇಡಿ.

ಇನ್ನೊಂದು ಮುಖ್ಯ ವಿಷಯ. ಸಿಂಡೋಪಾ 110 ಅಂದರೆ ಲೆವೊಡೋಪಾ 100, ಕಾರ್ಬಿಡೋಪಾ 10 ಮಿಲಿಗ್ರಾಂ. ಪ್ಲಸ್ ಅಂದರೆ 100 ಮತ್ತು 25. 275 ಅಂದರೆ 250 ಮತ್ತು 25. ಸಿಆರ್ ಎಂದು ಬರೆದದ್ದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅದನ್ನು ಪುಡಿ ಮಾಡಬಾರದು, ಜಗಿಯಬಾರದು. ಜನ ಅಂಗಡಿಗೆ ಬಂದು "ಸಿಂಡೋಪಾ ಕೊಡಿ" ಅನ್ನುತ್ತಾರೆ. ಮಾತ್ರೆಯ ಖಾಲಿ ಪಟ್ಟಿ (ಸ್ಟ್ರಿಪ್) ಅಥವಾ ಚೀಟಿ ತರದಿದ್ದರೆ ಬೇರೆಯದೇ ಮನೆಗೆ ಹೋಗುವ ಸಾಧ್ಯತೆ ಇದೆ. ಆಸ್ಪತ್ರೆಗೆ ಹೋಗುವಾಗಲೂ ಪಟ್ಟಿಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿಪಿ, ಗ್ಯಾಸ್, ನಿದ್ದೆಯ ಮಾತ್ರೆ, ಎಲ್ಲವೂ ಇರಲಿ.

ನಿಗಡಿ, ಪುಣೆ

ಗ್ಯಾಸ್ ಮಾತ್ರೆ ಅಂದಿರಲ್ಲ, ಅದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ಎಲ್ಲರೂ ಓದಬೇಕಾದ ವಿಷಯ.

ನಮ್ಮ ತಂದೆಗೆ ಇದ್ದಕ್ಕಿದ್ದಂತೆ ನಡಿಗೆ ನಿಧಾನವಾಯಿತು. ಮುಖದಲ್ಲಿ ಭಾವನೆಯೇ ಇಲ್ಲ. ಎರಡೂ ಕೈ ಬಿಗಿ. ಒಬ್ಬರು ಪಾರ್ಕಿನ್ಸನ್ಸ್ ಅಂದರು, ಮಾತ್ರೆ ಶುರುವಾಯಿತು, ಗುಣ ಕಾಣಲಿಲ್ಲ. ಪುಣೆಯಲ್ಲಿ ಮತ್ತೊಬ್ಬ ನ್ಯೂರಾಲಜಿಸ್ಟ್ ಮೊದಲು ಕೇಳಿದ್ದೇ "ಬೇರೆ ಏನೇನು ಮಾತ್ರೆ ತಗೊಳ್ಳುತ್ತಾರೆ, ಎಲ್ಲ ಮೇಜಿನ ಮೇಲೆ ಇಡಿ" ಎಂದು. ಹೊಟ್ಟೆಯುಬ್ಬರಕ್ಕೆ ತಗೊಳ್ಳುತ್ತಿದ್ದ ಕ್ಯಾಪ್ಸೂಲಿನಲ್ಲಿ ಲೆವೊಸಲ್ಪಿರೈಡ್ ಇತ್ತು. ಅದು ಮೆದುಳಿನಲ್ಲಿ ಡೋಪಮೈನ್ ಕೆಲಸ ಮಾಡುವ ಜಾಗವನ್ನೇ ಮುಚ್ಚುತ್ತದೆ. ಅದನ್ನು ನಿಲ್ಲಿಸಿದರು. ತಿಂಗಳುಗಳು ಹಿಡಿದವು, ಆದರೆ ಅಪ್ಪ ಮೊದಲಿನ ಹಾಗೆ ಆದರು.

ಗ್ಯಾಸ್, ಎದೆಯುರಿಗೆ ಕೊಡುವ ಕ್ಯಾಪ್ಸೂಲುಗಳಲ್ಲಿ ಇದು ಬೆರೆತೇ ಬರುತ್ತದೆ. ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇದೇ ರೀತಿ ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಸ್ಟೆಮೆಟಿಲ್, ಮೈಗ್ರೇನ್‌ಗೆ ಕೊಡುವ ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಪಾರ್ಕಿನ್ಸನ್ಸ್ ತರಹದ ಲಕ್ಷಣ ತರಬಹುದು. ಮೊದಲೇ ಕಾಯಿಲೆ ಇರುವವರಿಗೆ ಅದನ್ನು ಹೆಚ್ಚು ಮಾಡಬಹುದು. ಡೊಂಬಿವಲಿಯ ಅಕ್ಕ, ಮಾವನವರ ಗ್ಯಾಸ್ ಮಾತ್ರೆಯ ಹಿಂಬದಿ ಇವತ್ತೇ ಓದಿ ನೋಡಿ.

ಕಾಂದಿವಲಿ ಅಣ್ಣ

ನನಗೆ ಒಂದು ಸಂಶಯ. ನನ್ನ ಕೈಯೂ ನಡುಗುತ್ತದೆ, ಚಹಾ ಲೋಟ ಎತ್ತುವಾಗ. ಎಂಆರ್‌ಐ ಮಾಡಿಸಿದೆ, ನಾರ್ಮಲ್ ಬಂತು. ಹಾಗಾದರೆ ಪಾರ್ಕಿನ್ಸನ್ಸ್ ಇಲ್ಲ ಅಂತ ಅರ್ಥವೇ?

ಥಾಣೆಯ ಮಗಳು

ಎಂಆರ್‌ಐ ಅದನ್ನು ಹೇಳುವುದಿಲ್ಲ ಅಣ್ಣ. ಪಾರ್ಕಿನ್ಸನ್ಸ್ ಇದ್ದವರದೂ ಹೆಚ್ಚಾಗಿ ನಾರ್ಮಲ್ಲೇ ಬರುತ್ತದೆ. ಬೇರೆ ಕಾರಣ ಇದೆಯಾ ನೋಡಲು ಅದನ್ನು ಮಾಡಿಸುತ್ತಾರೆ. ಈ ಕಾಯಿಲೆಯನ್ನು ಗುರುತಿಸುವುದು ಡಾಕ್ಟರ ಕಣ್ಣು ಮತ್ತು ಕೈ. ಬೆರಳು ತಟ್ಟಿಸುತ್ತಾರೆ, ಮಣಿಕಟ್ಟು ತಿರುಗಿಸುತ್ತಾರೆ, ನಡೆಸುತ್ತಾರೆ, ಒಂದು ಸಾಲು ಬರೆಸುತ್ತಾರೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದ್ದೂ ಕಣ್ಣಿಂದ ನೋಡಿಯೇ.

ನಿಮಗೆ ಲೋಟ ಹಿಡಿದಾಗ ನಡುಗುವುದು ಬೇರೆ ಬಗೆ ಇರಬಹುದು. ಎಸೆನ್ಷಿಯಲ್ ಟ್ರೆಮರ್ ಎಂದು ಒಂದಿದೆ, ಮನೆತನದಲ್ಲಿ ಬರುತ್ತದೆ. ಥೈರಾಯ್ಡ್ ಜಾಸ್ತಿ ಇದ್ದರೂ, ಅಸ್ತಮಾದ ಔಷಧಿಯಿಂದಲೂ ಕೈ ನಡುಗುತ್ತದೆ. ಒಮ್ಮೆ ತೋರಿಸಿ. ವಾಸನೆ ಕಡಿಮೆಯಾಗಿದೆಯಾ, ಮಲಬದ್ಧತೆ ಇದೆಯಾ, ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುತ್ತೀರಾ ಅಂತ ಅವರು ಕೇಳಿದರೆ ನಾಚಿಕೆ ಪಡದೆ ಹೇಳಿ. ಪಾರ್ಕಿನ್ಸನ್ಸ್ ಆದರೆ ಹೆಚ್ಚಾಗಿ ಇವು ನಡುಕಕ್ಕಿಂತ ವರ್ಷಗಳ ಮೊದಲೇ ಬಂದಿರುತ್ತವೆ.

ಬೋರಿವಲಿ ಭಟ್ರು

ಎಲ್ಲರೂ ಇಂಗ್ಲಿಷ್ ಮದ್ದಿನ ಬಗ್ಗೆಯೇ ಹೇಳುತ್ತಿದ್ದೀರಿ. ನಮ್ಮ ಆಯುರ್ವೇದದಲ್ಲಿ ಕಂಪವಾತಕ್ಕೆ ನಸುಗುನ್ನಿ ಬೀಜ ಹೇಳಿದ್ದಾರೆ. ನಮ್ಮ ದೊಡ್ಡಪ್ಪನಿಗೆ ಅದರಿಂದ ಗುಣ ಕಂಡಿದೆ. ಅದನ್ನು ಕೊಟ್ಟು ನೋಡಬಾರದೇಕೆ?

ಮುಲುಂಡ್ ಮೆಡಿಕಲ್

ನಿಮ್ಮ ಮಾತಿನಲ್ಲಿ ಸತ್ಯ ಇದೆ ಭಟ್ರೇ. ನಸುಗುನ್ನಿ ಬೀಜದಲ್ಲಿ ಇರುವುದು ಲೆವೊಡೋಪಾನೇ. ಅದಕ್ಕೇ ದೊಡ್ಡಪ್ಪನಿಗೆ ಗುಣ ಕಂಡದ್ದು. ತೊಂದರೆ ಇರುವುದೂ ಅಲ್ಲಿಯೇ. ಒಂದು ಚಮಚ ಪುಡಿಯಲ್ಲಿ ಎಷ್ಟು ಔಷಧಿ ಇದೆ ಎಂದು ಹೇಳುವುದು ಕಷ್ಟ. ಸಿಂಡೋಪಾ ಜೊತೆ ಅದನ್ನೂ ಕೊಟ್ಟರೆ ಔಷಧಿ ಹೆಚ್ಚಾಗಿ ಮೈ ಓಲಾಡಬಹುದು, ಬಿಪಿ ಬೀಳಬಹುದು, ಇಲ್ಲದ್ದು ಕಾಣಬಹುದು. ಮಾವನವರಿಗೆ ಈಗಲೇ ಗೋಡೆ ಹತ್ತಿರ ಯಾರೋ ಕಾಣುತ್ತಿದ್ದಾರೆ. ಈ ಹೊತ್ತಿನಲ್ಲಿ ಬೇಡ. ಈಗಾಗಲೇ ಕೊಡುತ್ತಿರುವವರು ನ್ಯೂರಾಲಜಿ ಡಾಕ್ಟರಿಂದ ಮುಚ್ಚಿಡಬೇಡಿ. ಬೈದರೂ ಪರವಾಗಿಲ್ಲ, ಲೆಕ್ಕಕ್ಕೆ ಸಿಗುತ್ತದೆ.

ಪರೇಲ್ ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್, ಊರು ಕಾರ್ಕಳ. ಎಲ್ಲರೂ ಮಾತ್ರೆಯ ಬಗ್ಗೆ ಹೇಳಿದ್ದಾರೆ. ನಾನು ಕಾಲಿನ ಬಗ್ಗೆ ಹೇಳುತ್ತೇನೆ.

ಬಾಗಿಲ ಹತ್ತಿರ ಕಾಲು ನಿಂತುಹೋದಾಗ ಮನೆಯವರು ಕೈ ಹಿಡಿದು ಎಳೆಯುತ್ತಾರೆ. ದಯವಿಟ್ಟು ಎಳೆಯಬೇಡಿ, ಮುಂದಕ್ಕೆ ಬೀಳುತ್ತಾರೆ. ನಿಲ್ಲಿಸಿ. ಉಸಿರು ಬಿಡಲಿ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಲಿ. ಆಮೇಲೆ "ಒಂದು, ಎರಡು" ಎಂದು ಎಣಿಸುತ್ತಾ ದೊಡ್ಡ ಹೆಜ್ಜೆ. ನೆಲದ ಮೇಲೆ ಬಣ್ಣದ ಟೇಪ್ ಅಡ್ಡಡ್ಡ ಅಂಟಿಸಿದರೆ ಅದನ್ನು ದಾಟುವ ನೆಪದಲ್ಲಿ ಕಾಲು ಏಳುತ್ತದೆ. ತಾನಾಗಿ ನಡೆಯುವ ದಾರಿ ಮೆದುಳಿನಲ್ಲಿ ಕೆಟ್ಟಿದೆ. ಗೆರೆ ನೋಡಿ, ತಾಳ ಕೇಳಿ ನಡೆಯುವ ದಾರಿ ಬೇರೆ, ಅದು ಇನ್ನೂ ಉಳಿದಿದೆ.

ಮಾವನವರು ಭಜನೆಗೆ ಹೋಗುವವರು ಅಂದಿರಿ. ಅವರ ಕೈಯಲ್ಲಿ ತಾಳ ಕೊಡಿ, ಅಥವಾ ಫೋನಿನಲ್ಲಿ ಅವರಿಗೆ ಗೊತ್ತಿರುವ ಭಜನೆ ಹಾಕಿ, ಆ ಲಯಕ್ಕೆ ನಡೆಸಿ. ನನ್ನ ಹತ್ತಿರ ಬರುವ ಕರಾವಳಿಯ ಹಿರಿಯರೊಬ್ಬರು ಚೆಂಡೆ ಪೆಟ್ಟು ಕೇಳಿದರೆ ಕಾರಿಡಾರ್ ಪೂರ್ತಿ ನಡೆದುಬಿಡುತ್ತಾರೆ. ಅದನ್ನು ನೋಡುವುದೇ ನನಗೆ ಖುಷಿ.

ಧ್ವನಿಗೂ ವ್ಯಾಯಾಮ ಇದೆ. ದಿನಾ ಪೇಪರ್ ಗಟ್ಟಿಯಾಗಿ ಓದಲಿ. ಪಕ್ಕದ ಕೋಣೆಗೆ ಕೇಳಿಸಬೇಕು. ತಮ್ಮ ಧ್ವನಿ ಸಣ್ಣದಾಗಿದೆ ಎಂದು ಇವರಿಗೆ ಗೊತ್ತಾಗುವುದಿಲ್ಲ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ನುಂಗುವುದರಲ್ಲಿ ತೊಂದರೆ ಇದ್ದು ನೀರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸರಳು ಹಾಕಿಸಿ. ಚಪ್ಪಲಿ ಜಾರಬಾರದು. ಲುಂಗಿ ಕಾಲಿಗೆ ತೊಡರುತ್ತದೆ, ಮನೆಯಲ್ಲೂ ಪೈಜಾಮ ಹಾಕಲು ಒಪ್ಪಿಸಿ.

ಮಡಗಾಂವ್ ತಂಗಿ

ನಮ್ಮ ಮನೆಯ ಕಾಯಿಲೆ ಬೇರೆ. ಆದರೆ ವಿಡಿಯೋ ವಿಷಯ ಓದಿ ಬರೆಯಲೇಬೇಕು ಅನ್ನಿಸಿತು. ಅಣ್ಣ ಗೋವಾದಲ್ಲಿ ಹೋಟೆಲಿನ ದೋಸೆ ಭಟ್ಟ. ಅವನಿಗೆ ಫಿಟ್ಸ್ ಬರುತ್ತಿತ್ತು. ಪ್ರತಿ ಸಲ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎಲ್ಲ ನಿಂತಿರುತ್ತಿತ್ತು. ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಕೂಡ ನಾರ್ಮಲ್. ಜೊತೆಯ ಹುಡುಗ ಒಮ್ಮೆ ಫೋನಿನಲ್ಲಿ ತೆಗೆದಿದ್ದ. ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರು ಅದನ್ನು ಮತ್ತೆ ಮತ್ತೆ ನೋಡಿದರು. ತಲೆ ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಅದುರಿತು ಅನ್ನುವುದರಿಂದ ಮೆದುಳಿನ ಯಾವ ಭಾಗದಿಂದ ಶುರುವಾಗುತ್ತದೆ ಎಂದು ಅಂದಾಜು ಸಿಗುತ್ತದಂತೆ. ಮಾತ್ರೆ ಬದಲಾಯಿಸಿದರು. ಈಗ ಚೆನ್ನಾಗಿದ್ದಾನೆ. ಸರಿಯಾದ ಔಷಧಿ ಸಿಕ್ಕರೆ 100ರಲ್ಲಿ 70 ಜನರ ತನಕ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಅವನಿಗೆ ಹೇಳಿದ ಎರಡು ಮಾತು ಎಲ್ಲ ಹೋಟೆಲ್ ಹುಡುಗರಿಗೂ ತಲುಪಲಿ. ನಿದ್ದೆ ಕೆಟ್ಟರೆ ಫಿಟ್ಸ್ ಬರುತ್ತದೆ. ಮಾತ್ರೆ ತಪ್ಪಿದರೆ ಬರುತ್ತದೆ. ಮಾಲೀಕರು ಒಳ್ಳೆಯವರು, ಅವನನ್ನು ಕಾವಲಿಯ ಮುಂದಿನಿಂದ ಗಲ್ಲಾಕ್ಕೆ ಹಾಕಿದರು, ರಾತ್ರಿ ಪಾಳಿ ಬಿಡಿಸಿದರು.

ಯಾರಿಗಾದರೂ ಫಿಟ್ಸ್ ಬಂದರೆ ಬಾಯಲ್ಲಿ ಚಮಚ ಇಡಬೇಡಿ, ಕೈಗೆ ಕಬ್ಬಿಣ ಕೊಡಬೇಡಿ, ಚಪ್ಪಲಿ ಈರುಳ್ಳಿ ಮೂಸಿಸಬೇಡಿ. ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದು ಇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆ.

ಈ ಕಾಯಿಲೆ ಇದ್ದವರಿಗೆ ಮದುವೆ ಇಲ್ಲ ಅನ್ನುವ ನೆಂಟರು ಇನ್ನೂ ಇದ್ದಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದಿದ್ದ ಅಪಸ್ಮಾರದ (ಫಿಟ್ಸ್) ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಹೆಣ್ಣುಮಕ್ಕಳಾದರೆ ಗರ್ಭಿಣಿಯಾಗುವ ಮೊದಲೇ ಡಾಕ್ಟರಿಗೆ ಹೇಳಬೇಕು. ವಾಲ್ಪ್ರೋಯೇಟ್ ಎಂಬ ಫಿಟ್ಸ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ, ಬೇರೆ ಮಾತ್ರೆಗೆ ಬದಲಾಯಿಸುತ್ತಾರೆ.

ವಾಶಿಯಿಂದ

ನಮ್ಮ ತಂದೆಗೆ ಪಾರ್ಕಿನ್ಸನ್ಸ್‌ಗೆ ಡಿಬಿಎಸ್ (ಮೆದುಳಿಗೆ ವಿದ್ಯುತ್ ಪ್ರಚೋದನೆ ಕೊಡುವ ಆಪರೇಷನ್) ಮಾಡಿಸಿದ್ದೇವೆ, ಮುಂಬೈನಲ್ಲೇ. ಮೆದುಳಿನ ಒಳಗೆ ತೆಳುವಾದ ತಂತಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಎಂಬ ಡಾಕ್ಟರು ಶುರು ಮಾಡಿದ ಚಿಕಿತ್ಸೆ ಇದು.

ಆದರೆ ಎಲ್ಲರಿಗೂ ಅಲ್ಲ. ಮೊದಲು ಡಾಕ್ಟರೇ ರಾತ್ರಿಯಿಂದ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ಚಲನೆಗೆ ಅಂಕ ಹಾಕುತ್ತಾರೆ. ಆಮೇಲೆ ಮಾತ್ರೆ ಕೊಟ್ಟು ಮತ್ತೆ ಅಂಕ. ಮೂರನೇ ಒಂದು ಭಾಗದಷ್ಟಾದರೂ ಸುಧಾರಣೆ ಕಾಣಬೇಕು. ಮಾತ್ರೆಗೆ ಬಗ್ಗದ ಲಕ್ಷಣ ಸಾಮಾನ್ಯವಾಗಿ ಆಪರೇಷನ್‌ಗೂ ಬಗ್ಗುವುದಿಲ್ಲ. ನಡುಕ ಮಾತ್ರ ಬೇರೆ, ಮಾತ್ರೆಗೆ ಜಗ್ಗದಿದ್ದರೂ ಇದರಿಂದ ಕಡಿಮೆಯಾಗಬಹುದು. ತಂದೆಗೆ ಓಲಾಟ ತುಂಬಾ ಕಡಿಮೆಯಾಯಿತು, ಮಾತ್ರೆಯೂ ಇಳಿಯಿತು. ನಡೆಯುವಾಗ ಸಮತೋಲನ ತಪ್ಪುವುದು ಹಾಗೆಯೇ ಇದೆ. ಮರೆವು, ಇಲ್ಲದ್ದು ಕಾಣುವುದು ಜಾಸ್ತಿ ಇರುವವರಿಗೆ ಬೇಡ ಅನ್ನುತ್ತಾರೆ. ಖರ್ಚು ಹಲವು ಲಕ್ಷ. ಬ್ಯಾಟರಿ ಮುಗಿದಾಗ ಬದಲಾಯಿಸುವ ಖರ್ಚು ಬೇರೆ. ಯಾರಾದರೂ ಕಾಯಿಲೆಯೇ ಹೋಗುತ್ತದೆ ಎಂದರೆ ನಂಬಬೇಡಿ. ಆದರೆ ಸರಿಯಾದವರಿಗೆ, ಸರಿಯಾದ ಹೊತ್ತಿನಲ್ಲಿ ಮಾಡಿದರೆ ದಿನದ ಎಷ್ಟೋ ಗಂಟೆಗಳನ್ನು ವಾಪಸ್ ಕೊಡುತ್ತದೆ.

ಡೊಂಬಿವಲಿಯ ಸೊಸೆ

ಎಲ್ಲರಿಗೂ ತುಂಬಾ ಧನ್ಯವಾದ. ಕೆಇಎಂಗೆ ಹೋಗಿ ಬಂದೆವು.

ಬೆಳಿಗ್ಗೆ ಬೇಗ ಸ್ಲೋ ಲೋಕಲ್ ಹಿಡಿದು ಪರೇಲಿನಲ್ಲಿ ಇಳಿದೆವು. ಕೇಸ್ ಪೇಪರ್ ಮಾಡಿಸಿ ಕಾದೆವು. ಜನ ತುಂಬಾ ಇದ್ದರು. ಆದರೆ ಹಾಳೆ ಕೊಟ್ಟ ಕೂಡಲೇ ಚಿಕ್ಕ ಡಾಕ್ಟರು ಅದನ್ನು ಮೇಜಿನ ಮೇಲೆ ಬಿಡಿಸಿ ಇಟ್ಟರು. ನಾನು ಹೆಚ್ಚು ಮಾತಾಡಬೇಕಾಗಲೇ ಇಲ್ಲ. ವಿಡಿಯೋ ನೋಡಿ ದೊಡ್ಡ ಡಾಕ್ಟರನ್ನು ಕರೆದರು. ಕೆಟ್ಟ ಹೊತ್ತಿನ ವಿಡಿಯೋ ನೋಡಿದ ಮೇಲೆ ಅವರು ಮಾವನವರ ಕಡೆ ತಿರುಗಿ "ಇಷ್ಟು ಕಷ್ಟ ಆಗುತ್ತಾ?" ಎಂದು ಹಿಂದಿಯಲ್ಲಿ ಕೇಳಿದರು. ಮಾವನವರು ತಲೆ ಆಡಿಸಿದರು. ಅಷ್ಟು ದಿನ ಯಾರೂ ಅವರನ್ನೇ ಕೇಳಿರಲಿಲ್ಲ.

ಮಾತ್ರೆಯ ಒಟ್ಟು ಪ್ರಮಾಣ ಜಾಸ್ತಿ ಮಾಡಲಿಲ್ಲ. ಅದನ್ನೇ ಚಿಕ್ಕ ಚಿಕ್ಕದಾಗಿ ಹಂಚಿ, ಎಚ್ಚರ ಇರುವಾಗ ಸುಮಾರು ಮೂರೂವರೆ ಗಂಟೆಗೊಮ್ಮೆ ಮಾಡಿದರು. ಊಟಕ್ಕೆ ಮುಂಚೆ, ನೀರಿನಲ್ಲಿ. ಪ್ಯಾಸಿಟೇನ್ ಹಂತಹಂತವಾಗಿ ಇಳಿಸಿ ನಿಲ್ಲಿಸಲು ಹೇಳಿದರು. ಗ್ಯಾಸ್ ಕ್ಯಾಪ್ಸೂಲಿನಲ್ಲಿ ನಿಗಡಿಯವರು ಹೇಳಿದ ಲೆವೊಸಲ್ಪಿರೈಡ್ ಇದ್ದೇ ಇತ್ತು! ಅದನ್ನು ಆ ಕ್ಷಣವೇ ಬಿಡಿಸಿದರು.

ಇನ್ನೊಂದು ನಾವು ಕೇಳದೆಯೇ ಮಾಡಿದರು. ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಮತ್ತೆ ನೋಡಿದರು. ನಿಂತಾಗ 20ಕ್ಕಿಂತ ಜಾಸ್ತಿ ಇಳಿಯಿತು. ಬೆಳಿಗ್ಗೆ ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತಿದ್ದದ್ದು ಅದಕ್ಕೇ ಅಂತೆ. ಬಿಪಿ ಮಾತ್ರೆ ಕಡಿಮೆ ಮಾಡಿದರು. ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ಏಳಬೇಕು, ನೀರು ಚೆನ್ನಾಗಿ ಕುಡಿಯಬೇಕು.

ಜ್ಞಾಪಕಶಕ್ತಿಯ ಪರೀಕ್ಷೆಯನ್ನು ಮುಂದಿನ ಸಲಕ್ಕೆ ಇಟ್ಟರು. ಪ್ಯಾಸಿಟೇನ್ ಇರುವಾಗ ಮಾಡಿದರೆ ಸರಿಯಾದ ಲೆಕ್ಕ ಸಿಗುವುದಿಲ್ಲವಂತೆ. ಮಾವನವರಿಗೆ ಓದು ಬರಹ ಕನ್ನಡದಲ್ಲಿ ಮಾತ್ರ ಎಂದು ನಾನು ಹೇಳಿದೆ. ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ತಯಾರಿಸಿದ ಪರೀಕ್ಷೆ ಕನ್ನಡದಲ್ಲೂ ಇದೆ, ಅದನ್ನು ನೋಡೋಣ ಅಂದರು.

ಈಗ ಮಧ್ಯಾಹ್ನ ಪೂರ್ತಿ ಸರಿಯಾಗಿದೆ ಅಂತ ಹೇಳಲಾರೆ. ಆದರೆ ಊಟಕ್ಕೆ ತಾವೇ ಎದ್ದು ಬರುತ್ತಾರೆ. ರಾತ್ರಿ ಗೋಡೆ ಹತ್ತಿರ ಯಾರೂ ಕಾಣುವುದಿಲ್ಲ.

ಕಾಂದಿವಲಿ ಅಣ್ಣ

ಓದಿ ಸಂತೋಷವಾಯಿತು. ಒಂದು ಕೇಳಬೇಕಿತ್ತು. ಇಂಥವರಿಗೆ ಒಮ್ಮೆಲೇ ಕಾಲು ನಿಂತರೆ ಅದು ಮಾತ್ರೆ ಇಳಿದದ್ದೋ ಲಕ್ವಾ ಹೊಡೆದದ್ದೋ ಹೇಗೆ ಗೊತ್ತಾಗುತ್ತದೆ?

ಪರೇಲ್ ಫಿಸಿಯೋ

ಮಾತ್ರೆ ಇಳಿಯುವುದು ನಿಧಾನಕ್ಕೆ, ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬಾಯಿ ಒಂದು ಕಡೆ ವಾಲಿತು, ಒಂದು ಕೈ ಎತ್ತಲಾಗಲಿಲ್ಲ, ಮಾತು ತೊದಲಿತು, ಅದೂ ಇದ್ದಕ್ಕಿದ್ದಂತೆ ಆದರೆ ಅದು ಪಾರ್ಶ್ವವಾಯು ಎಂದೇ ತಿಳಿದು ಓಡಿ. ಎಣ್ಣೆ ಹಚ್ಚಿ ಮಾಲೀಶು ಮಾಡುತ್ತಾ ಕೂರಬೇಡಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ.

ಥಾಣೆಯ ಮಗಳು

ಡೊಂಬಿವಲಿಯ ತಂಗಿ, ಇನ್ನೆರಡು ಕೆಲಸ ಮಾಡಿಬಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ಸ್ ಕೂಡ ಇದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಹೆಚ್ಚಿನ ಸೌಲಭ್ಯಗಳಿಗೆ ಶೇಕಡಾ 40 ಅಂಗವೈಕಲ್ಯ ಇದೆ ಎಂದು ದಾಖಲಾಗಿರಬೇಕು. ಪರೇಲಿಗೆ ಹೋಗುವಾಗ ಲೋಕಲ್‌ನಲ್ಲಿ ದಿವ್ಯಾಂಗರ ಡಬ್ಬಿ ಹತ್ತಲು ಅದು ಕೈಯಲ್ಲಿರಲಿ. ಗರ್ದಿಯಲ್ಲಿ ಅವರನ್ನು ನಿಲ್ಲಿಸಿಕೊಂಡು ಹೋಗಬೇಡಿ.

ಎರಡನೆಯದು, ಮುಂಬೈನಲ್ಲಿ 2001ರಿಂದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಇದೆ. ಬೇರೆ ಬೇರೆ ಬಡಾವಣೆಗಳಲ್ಲಿ ಉಚಿತ ಕೂಟ ನಡೆಸುತ್ತಾರೆ. ವ್ಯಾಯಾಮ, ಮಾತು, ಮನಸ್ಸಿನ ಬೇಸರ ಎಲ್ಲಕ್ಕೂ ಸಹಾಯ ಸಿಗುತ್ತದೆ. ಪುಣೆಯವರಿಗೆ ಪಾರ್ಕಿನ್ಸನ್ಸ್ ಮಿತ್ರಮಂಡಳ ಇದೆ. ನೀವೂ ಜೊತೆಗೆ ಹೋಗಿ. ನೋಡಿಕೊಳ್ಳುವವರಿಗೂ ಮಾತಾಡಲು ಜನ ಬೇಕು.

ಡೊಂಬಿವಲಿಯ ಸೊಸೆ

ಖಂಡಿತ ಅಕ್ಕ. ಒಂದೇ ಒಂದು ಉಳಿದಿದೆ. ಏಕಾದಶಿ ದಿನ ಮಾವನವರು ಏನೂ ಮುಟ್ಟುವುದಿಲ್ಲ. ನೀರೂ ಇಲ್ಲ. ಆ ದಿನ ಮಾತ್ರೆ?

ಮುಲುಂಡ್ ಮೆಡಿಕಲ್

ಮಾತ್ರೆ ತಪ್ಪಿಸಬಾರದು, ನೀರು ಬಿಡಲೇಬಾರದು. ಬಿಪಿ ಮೊದಲೇ ಬೀಳುತ್ತಿದೆ. ಊಟ ಬಿಟ್ಟು ಹಣ್ಣು ತಗೊಂಡರೆ ಪರವಾಗಿಲ್ಲ ಅನ್ನಿಸುತ್ತದೆ, ಆದರೂ ಡಾಕ್ಟರನ್ನು ಒಮ್ಮೆ ಕೇಳಿ.

ಬೋರಿವಲಿ ಭಟ್ರು

ಅಮ್ಮಾ, ಔಷಧಿಗೂ ನೀರಿಗೂ ವ್ರತದಲ್ಲಿ ದೋಷವಿಲ್ಲ. ಮಾವನವರ ಫೋನ್ ನಂಬರ್ ನನಗೆ ಖಾಸಗಿಯಾಗಿ ಕಳಿಸಿ, ನಾನೇ ಮಾತಾಡುತ್ತೇನೆ. ನಾನು ಹೇಳಿದರೆ ಕೇಳುತ್ತಾರೆ.